ಅಕಾಲಮರಣವೂ ಶ್ರಾವಕಧರ್ಮವೂ

ಎಳೆಯ ಮಗುವನ್ನು ಕಳೆದುಕೊಂಡ ಮನೆಗೆ ಹೋದವರು ಆಡುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಅದರ ಆಯುಷ್ಯ ಅಷ್ಟೇ ಇತ್ತು. ತಾಯಿಯ ಎದುರಿಗೆ ಆಡಿದಾಗ ಆ ಮಾತು ಸಾಂತ್ವನ. ಅದನ್ನು ಆಕ್ಷೇಪಿಸುವವನು ಹೃದಯಹೀನನೆನಿಸುತ್ತಾನೆ. ಆದರೆ ಅದೇ ಮಾತು ಮನೆಯ ಹೊಸ್ತಿಲು ದಾಟಿ ಊರಿನ ಕಟ್ಟೆಗೆ, ಸಂಸ್ಥೆಗಳ ಸಭೆಗೆ, ಸರಕಾರದ ಕಚೇರಿಗೆ ಬಂದಾಗ ಸಾಂತ್ವನವಾಗಿ ಉಳಿಯದೆ ಕಾರಣವಾಗಿಬಿಡುತ್ತದೆ. ಮಗು ಏಕೆ ಸತ್ತಿತೆಂದು ಕೇಳಬೇಕಾದವರು ಉತ್ತರ ಸಿಕ್ಕಿತೆಂದು ತೃಪ್ತರಾಗಿ ಏಳುತ್ತಾರೆ. ಕರ್ಮಸಿದ್ಧಾಂತವನ್ನು ನಂಬಿದ ಸಮಾಜದಲ್ಲಿ ಈ ಅಪಾಯ ಇತರರಿಗಿಂತ ಹೆಚ್ಚು. ಆದ್ದರಿಂದ ಆ ಸಿದ್ಧಾಂತವು ನಿಜವಾಗಿ ಏನು ಹೇಳುತ್ತದೆ ಎಂಬುದನ್ನೂ, ಶಿಶುಮರಣದ ಲೆಕ್ಕಗಳು ಏನು ತೋರಿಸುತ್ತವೆ ಎಂಬುದನ್ನೂ ಒಟ್ಟಿಗೆ ಇಟ್ಟು ನೋಡುವುದು ಉಚಿತ.

ಮೊದಲು ಲೆಕ್ಕ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 1990ರಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳ ಸಂಖ್ಯೆ ಜಗತ್ತಿನಲ್ಲಿ ಒಂದೂಕಾಲು ಕೋಟಿಗೂ ಹೆಚ್ಚು. 2022ರಲ್ಲಿ ಅದು 49 ಲಕ್ಷಕ್ಕೆ ಇಳಿದಿತ್ತು. ಇದು ಸಾಮಾನ್ಯವಾದ ಸಾಧನೆಯಲ್ಲ. ಮನುಷ್ಯರ ಆಯುಷ್ಯಕರ್ಮವೆಲ್ಲ ಮೂವತ್ತೆರಡು ವರ್ಷಗಳಲ್ಲಿ ಏಕಾಏಕಿ ಸುಧಾರಿಸಿತೆಂದು ಯಾರೂ ಹೇಳಲಾರರು. ಲಸಿಕೆ, ಶುದ್ಧ ನೀರು, ತಾಯಂದಿರ ಶಿಕ್ಷಣ, ಹೆರಿಗೆಯ ಆರೈಕೆಗಳು ಹೆಚ್ಚಿದವು. ಉಳಿದ 49 ಲಕ್ಷದಲ್ಲಿ 23 ಲಕ್ಷ ಮಕ್ಕಳು ಹುಟ್ಟಿದ ಮೊದಲ 28 ದಿನಗಳೊಳಗೆ ತೀರಿಕೊಂಡವರು. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ಉಸಿರುಗಟ್ಟುವುದು, ನಂಜೇರುವುದು, ಇವು ಆ ಮೊದಲ ದಿನಗಳ ಕಾರಣಗಳು. ಅನಂತರದ ತಿಂಗಳುಗಳಲ್ಲಿ ನ್ಯುಮೋನಿಯಾ ಮತ್ತು ವಾಂತಿಭೇದಿ. ಐದು ವರ್ಷದೊಳಗಿನ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದ ಹಿಂದೆ ಅಪೌಷ್ಟಿಕತೆಯ ಕೈವಾಡವಿದೆಯೆಂದು ವೈದ್ಯವಿಜ್ಞಾನ ಗುರುತಿಸಿದೆ.

ಈ ಸಾವುಗಳು ಎಲ್ಲರ ಮನೆಗೂ ಸಮನಾಗಿ ಬರುವುದಿಲ್ಲ. ದೂರದ ದೇಶಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷದೊಳಗೆ ತೀರಿಕೊಳ್ಳುವವರು 5.2, ಉತ್ತರ ಪ್ರದೇಶದಲ್ಲಿ 59.8. ಕರ್ನಾಟಕದಲ್ಲಿ 29.5. ಇಡೀ ದೇಶದ ಗ್ರಾಮಾಂತರದಲ್ಲಿ 45.7, ನಗರಗಳಲ್ಲಿ 31.5. ಅತ್ಯಂತ ಬಡ ಕುಟುಂಬಗಳ ಮತ್ತು ಅತ್ಯಂತ ಸಿರಿವಂತ ಕುಟುಂಬಗಳ ನಡುವಣ ಅಂತರ ಸುಮಾರು ಮೂರು ಪಟ್ಟು. ಒಂದೇ ಸಂವಿಧಾನ, ಒಂದೇ ನಾಣ್ಯ, ಒಂದೇ ರೈಲುಮಾರ್ಗ; ಆದರೂ ಮಗು ಹುಟ್ಟಿದ ರಾಜ್ಯವು ಅದರ ಸಾಯುವ ಸಂಭವವನ್ನು ಹನ್ನೊಂದು ಪಟ್ಟು ಬದಲಿಸುತ್ತದೆ. ಆಯುಷ್ಯವು ಕೇವಲ ಪೂರ್ವಾರ್ಜಿತವೇ ಆಗಿದ್ದಲ್ಲಿ ಅದು ರಾಜ್ಯಗಳ ಗಡಿಯನ್ನೂ ಪಡಿತರ ಚೀಟಿಯ ಬಣ್ಣವನ್ನೂ ಇಷ್ಟು ನಿಷ್ಠೆಯಿಂದ ಅನುಸರಿಸುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಜೈನಾಚಾರ್ಯರು ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಉಮಾಸ್ವಾಮಿಗಳು ಯಾರ ಆಯುಷ್ಯವು ನಡುವೆ ಕಡಿದುಹೋಗಲಾರದು ಎಂಬುದನ್ನು ಹೇಳುತ್ತಾರೆ: ದೇವತೆಗಳು ಮತ್ತು ನಾರಕಿಗಳು, ಚರಮೋತ್ತಮ ದೇಹವುಳ್ಳವರು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳ ಭೋಗಭೂಮಿಯ ಜೀವಿಗಳು. ಈ ಪಟ್ಟಿಯಲ್ಲಿ ಕರ್ಮಭೂಮಿಯ ಸಾಮಾನ್ಯ ಮನುಷ್ಯನಿಲ್ಲ. ಅವನ ಆಯುಷ್ಯವು ಅಪವರ್ತನಕ್ಕೆ ಒಳಗಾಗುವಂಥದು, ಅರ್ಥಾತ್ ಬಾಹ್ಯ ನಿಮಿತ್ತಗಳಿಂದ ಮೊಟಕಾಗುವಂಥದು. ಕುಂದಕುಂದಾಚಾರ್ಯರ ಭಾವಪಾಹುಡವು ಆ ನಿಮಿತ್ತಗಳನ್ನು ಎಣಿಸುತ್ತದೆ. ವಿಷ, ವೇದನೆ, ರಕ್ತಕ್ಷಯ, ಭಯ, ಶಸ್ತ್ರ, ಸಂಕ್ಲೇಶಗಳ ಜೊತೆಗೆ ಅಲ್ಲಿ ಇನ್ನೆರಡು ಸೇರಿವೆ: ಆಹಾರದ ನಿರೋಧ ಮತ್ತು ಉಸಿರಿನ ನಿರೋಧ. ಇಂದಿನ ಮಕ್ಕಳ ತಜ್ಞರು ಶಿಶುಮರಣದ ಕಾರಣಗಳನ್ನು ಬರೆದಿಡುವಾಗ ಅಪೌಷ್ಟಿಕತೆ, ಉಸಿರುಗಟ್ಟುವಿಕೆ, ನ್ಯುಮೋನಿಯಾ ಎಂದು ಬರೆಯುತ್ತಾರೆ. ಭಾಷೆ ಬೇರೆ, ಸಂಗತಿ ಬೇರೆಯಲ್ಲ.

ಅಕಲಂಕದೇವರು ರಾಜವಾರ್ತಿಕದಲ್ಲಿ ಇದೇ ಸೂತ್ರವನ್ನು ವಿವರಿಸುವಾಗ ಪೂರ್ವಪಕ್ಷವನ್ನು ಎತ್ತಿಕೊಂಡಿದ್ದಾರೆ. ಕಾಲ ಬಾರದೆ ಸಾವು ಬಂದುದನ್ನು ಕಂಡವರಾರು, ಆದುದರಿಂದ ಅಕಾಲಮರಣವೆಂಬುದೇ ಇಲ್ಲ ಎಂಬುದು ಆ ಪಕ್ಷ. ಆಚಾರ್ಯರು ಅದನ್ನು ಒಪ್ಪುವುದಿಲ್ಲ. ಮಾವಿನ ಕಾಯಿಯನ್ನು ಉಪಾಯದಿಂದ ಹೊತ್ತಿಗೆ ಮೊದಲೇ ಹಣ್ಣು ಮಾಡುವುದನ್ನು ಲೋಕವೆಲ್ಲ ಕಂಡಿದೆಯೆಂದು ದೃಷ್ಟಾಂತ ಕೊಟ್ಟು, ಆಯುರ್ವೇದದ ಸಾಮರ್ಥ್ಯವನ್ನೂ ಹೇತುವಾಗಿ ಮುಂದಿಡುತ್ತಾರೆ. ಅಕಾಲಮರಣವೇ ಇಲ್ಲವಾದರೆ ವೈದ್ಯಶಾಸ್ತ್ರವು ವ್ಯರ್ಥವಾಗಬೇಕಲ್ಲವೆ ಎಂಬುದು ಅದರ ತಾತ್ಪರ್ಯ. ಎಂಟನೆಯ ಶತಮಾನದ ಕನ್ನಡ ನಾಡಿನ ತಾರ್ಕಿಕನ ಈ ವಾದವನ್ನು ಓದಿದ ಬಳಿಕವೂ ವಾಂತಿಭೇದಿಯಿಂದ ಸತ್ತ ಮಗುವನ್ನು ಕುರಿತು ಆಯುಷ್ಯವೇ ಅಷ್ಟಿತ್ತು ಎನ್ನುವವರು ತಮ್ಮ ಶಾಸ್ತ್ರಕ್ಕಿಂತ ತಮ್ಮ ಅನುಕೂಲವನ್ನು ಹೆಚ್ಚು ನಂಬಿದವರೆಂದೇ ಹೇಳಬೇಕಾಗುತ್ತದೆ.

ಇಲ್ಲಿ ನಿಶ್ಚಯನಯದ ಆಕ್ಷೇಪವೊಂದುಂಟು. ಕೇವಲಿಯ ಜ್ಞಾನದಲ್ಲಿ ಪ್ರತಿಯೊಂದು ಜೀವದ ಪ್ರತಿಯೊಂದು ಪರ್ಯಾಯವೂ ಗೋಚರವಾಗಿದೆ. ಹಾಗಿರುವಾಗ ಯಾವ ಸಾವನ್ನಾದರೂ ಅಕಾಲವೆಂದು ಕರೆಯುವುದು ಹೇಗೆ? ಆಕ್ಷೇಪ ಗಂಭೀರವಾದುದೇ. ಆದರೆ ಕಾಣುವುದು ಬೇರೆ, ಉಂಟುಮಾಡುವುದು ಬೇರೆ. ಕೇವಲಿಯ ಜ್ಞಾನದಲ್ಲಿ ಮಗುವಿನ ಸಾವು ಕಂಡಿದ್ದರೆ, ಆ ಸಾವಿಗೆ ನಿಮಿತ್ತವಾದ ಕೊಳಕು ನೀರೂ, ಆ ನೀರಿನ ಬಗ್ಗೆ ದೂರು ಬಂದರೂ ಕೈಕಟ್ಟಿ ಕುಳಿತವರ ಪ್ರಮಾದವೂ ಅದರೊಂದಿಗೇ ಕಂಡಿರಬೇಕು. ಗೃಹಸ್ಥನಿಗಂತೂ ಆ ಜ್ಞಾನವಿಲ್ಲ. ಅವನು ನಡೆಯಬೇಕಾದದ್ದು ವ್ಯವಹಾರದಲ್ಲಿ. ತನ್ನ ಮನೆಯ ಮಗುವಿಗೆ ಜ್ವರ ಬಂದರೆ ಅವನು ಕೇವಲಿಯ ಜ್ಞಾನವನ್ನು ನೆನೆದು ಸುಮ್ಮನಿರುವುದಿಲ್ಲ, ಹುಬ್ಬಳ್ಳಿಗೋ ಮೀರಜಿಗೋ ಕಾರು ಹೊರಡಿಸುತ್ತಾನೆ. ಪರರ ಮಗುವಿಗೆ ನಿಶ್ಚಯನಯ, ತನ್ನ ಮಗುವಿಗೆ ವ್ಯವಹಾರನಯ ಎಂಬ ವಿಭಾಗವು ಯಾವ ಗ್ರಂಥದಲ್ಲಿಯೂ ಇಲ್ಲ.

ತಡೆಯಬಹುದಾದ ಸಾವು ಎಂದರೇನೆಂಬುದನ್ನು 1971ರ ಒಂದು ಪ್ರಸಂಗ ಸ್ಪಷ್ಟಪಡಿಸುತ್ತದೆ. ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ತುಂಬಿದ್ದಾಗ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು, ಏರಿಸಬಲ್ಲ ಸಿಬ್ಬಂದಿಯೂ ಸಾಲದಾಗಿತ್ತು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳಿಗೆ ಅವರ ಮನೆಯವರೇ ಕುಡಿಸುವಂತೆ ಮಾಡಿದರು. ನೂರಕ್ಕೆ 30ರವರೆಗೆ ಏರಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ವೈದ್ಯರಲ್ಲದ ತಾಯಿ, ಅಜ್ಜಿ, ಅಣ್ಣಂದಿರು ಲೋಟ ಹಿಡಿದು ಕುಡಿಸಿದ ನೀರು ಅದು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು. ಆದರೆ ಅವರು ತೋರಿಸಿಕೊಟ್ಟ ಐವತ್ತು ವರ್ಷಗಳ ಬಳಿಕವೂ, 2019-21ರ ಸಮೀಕ್ಷೆಯಲ್ಲಿ, ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ದ್ರಾವಣ ಸಿಕ್ಕಿದ್ದು ನೂರಕ್ಕೆ 60ರಷ್ಟು ಮಕ್ಕಳಿಗೆ ಮಾತ್ರ. ಉಳಿದ 40 ಮಕ್ಕಳಿಗೆ ಔಷಧ ಸಿಗದಿದ್ದುದು ಅದು ದುಬಾರಿಯೆಂದಲ್ಲ, ಜಗತ್ತಿಗೆ ತಿಳಿದಿರಲಿಲ್ಲವೆಂದೂ ಅಲ್ಲ.

ಅದೇ ವರ್ಷ, ಅದೇ ನಿರಾಶ್ರಿತರನ್ನು ಮನಸ್ಸಿನಲ್ಲಿಟ್ಟುಕೊಂಡು, ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯದ ತರುಣ ದಾರ್ಶನಿಕನು ಒಂದು ಪ್ರಬಂಧ ಬರೆದನು. ಅದು 1972ರಲ್ಲಿ ಪ್ರಕಟವಾಯಿತು. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಕಂಡವನು ಬಟ್ಟೆ ಕೆಸರಾದೀತೆಂದು ಸುಮ್ಮನೆ ಹೋದರೆ ಅದು ಅಕ್ಷಮ್ಯವೆಂದು ಎಲ್ಲರೂ ಒಪ್ಪುವರು. ಹಾಗಾದರೆ ಸಾವಿರಾರು ಮೈಲಿ ದೂರದ ಮಗುವಿನ ವಿಷಯದಲ್ಲಿ ದೂರವೆಂಬುದು ಹೇಗೆ ಕ್ಷಮೆಯಾಗುತ್ತದೆ ಎಂಬುದು ಅವನ ವಾದ. ಪಶ್ಚಿಮದ ನೀತಿಶಾಸ್ತ್ರದಲ್ಲಿ ಈ ವಾದ ದೊಡ್ಡ ಚರ್ಚೆಗೆ ಕಾರಣವಾಯಿತು. ಆದರೂ ಈ ದೃಷ್ಟಾಂತದಲ್ಲಿ ಒಂದು ಕೊರತೆಯಿದೆ. ಕೊಳವನ್ನು ತೋಡಿದವರಾರು, ಅದಕ್ಕೆ ಬೇಲಿ ಏಕಿಲ್ಲ, ಪ್ರತಿವರ್ಷವೂ ಅದೇ ಕೇರಿಯ ಮಕ್ಕಳೇ ಏಕೆ ಬೀಳುತ್ತವೆ ಎಂಬುದು ಅಲ್ಲಿ ಕೇಳಿಬರುವುದಿಲ್ಲ. ದಾರಿಹೋಕನಿಗೂ ಕೊಳಕ್ಕೂ ಯಾವ ಸಂಬಂಧವೂ ಇಲ್ಲವೆಂದು ಮೊದಲೇ ಗೃಹೀತ ಹಿಡಿಯಲಾಗಿದೆ. ಜೈನ ವಿಚಾರಪದ್ಧತಿಯು ಮೊದಲು ಕೇಳುವುದೇ ಆ ಸಂಬಂಧವನ್ನು.

ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಕೊಲ್ಲುವ ಕೈಯನ್ನಲ್ಲ, ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರಗೇಡಿತನದಿಂದ ಕೂಡಿದ ಯೋಗವೇ ಪ್ರಾಣಘಾತವನ್ನು ಹಿಂಸೆಯಾಗಿಸುತ್ತದೆ. ಇದರಿಂದ ಎಲ್ಲೋ ನಡೆಯುವ ಪ್ರತಿಯೊಂದು ಸಾವೂ ಪ್ರತಿಯೊಬ್ಬ ಶ್ರಾವಕನ ಹಿಂಸೆಯೆಂದು ಸಾಧಿಸಲು ಹೊರಟರೆ ಅದು ಅತಿವ್ಯಾಪ್ತಿಯಾಗುತ್ತದೆ. ಬಹರಾಯಿಚದ ಹಳ್ಳಿಯೊಂದರ ಮಗು ತೀರಿಕೊಂಡುದಕ್ಕೆ ಮೂಡಬಿದಿರೆಯ ವ್ಯಾಪಾರಿಯು ಹಿಂಸಕನಲ್ಲ. ಅಲ್ಲಿ ಅವನಿಂದ ಅಪೇಕ್ಷಿತವಾದುದು ಅನುಕಂಪ. ಅದು ಸಮ್ಯಕ್ತ್ವದ ಕುರುಹುಗಳಲ್ಲೊಂದು, ಇಲ್ಲದಿದ್ದರೆ ಆ ಕೊರತೆಯೂ ಸಣ್ಣದಲ್ಲ. ಆದರೆ ತನ್ನ ಹೊಲದಲ್ಲಿ, ತನ್ನ ಕಾರ್ಖಾನೆಯಲ್ಲಿ, ತನ್ನ ಮನೆ ಕಟ್ಟುವ ಕೆಲಸದಲ್ಲಿ ದುಡಿಯುವವರ ಮಗುವಿನ ವಿಷಯ ಬೇರೆ. ಅಲ್ಲಿ ಸಂಬಂಧವಿದೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲ ಮೂರು ಕೈಯಿಂದ ಆಗುವಂಥವು. ಕೊನೆಯೆರಡರಲ್ಲಿ ಹೊಡೆತವಿಲ್ಲ, ಕತ್ತಿಯಿಲ್ಲ. ಮಿತಿಮೀರಿ ಹೊರಿಸುವುದು ಮತ್ತು ಹೊತ್ತಿಗೆ ಅನ್ನ ನೀರು ಸಿಗದಂತೆ ಮಾಡುವುದು, ಅಷ್ಟೇ. ಎತ್ತಿನ ಮೇಲೆ ಭಾರ ಹೇರಬಾರದೆಂದು ಈ ಅತಿಚಾರವನ್ನು ವಿವರಿಸುವುದು ರೂಢಿ. ಎತ್ತಿಗೆ ಅನ್ವಯಿಸುವುದು ಗರ್ಭಿಣಿಗೆ ಅನ್ವಯಿಸುವುದಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಗಡಿಯಾಚೆಯ ಕೊಲ್ಲಾಪುರ, ಸಾಂಗಲಿಗಳಲ್ಲಿಯೂ ಕಬ್ಬು ಬೆಳೆಯುವ ಜೈನ ಒಕ್ಕಲು ಮನೆತನಗಳು ಅನೇಕ. ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳ ಹಂಗಾಮು ಆರಂಭವಾದೊಡನೆ ಬೀಡ್ ಮೊದಲಾದ ಬರದ ಸೀಮೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಮುಕಾದಮನು ಮುಂಗಡ ಕೊಡುವುದು ಆ ಜೋಡಿಗೆ, ಕೂಲಿ ಸಿಗುವುದು ಟನ್ನಿನ ಮೇಲೆ. ಒಂದು ದಿನ ತಪ್ಪಿದರೆ ದಂಡ ಕಡಿಯುವ ಪದ್ಧತಿಯುಂಟು. ಹೀಗಾಗಿ ಬಸುರಿಯಾದವಳು ಏಳನೆಯ, ಎಂಟನೆಯ ತಿಂಗಳಲ್ಲಿಯೂ ನಸುಕಿನಲ್ಲಿ ಎದ್ದು ಕಬ್ಬಿನ ಹೊರೆ ಹೊತ್ತು ಲಾರಿಗೋ ಟ್ರ್ಯಾಕ್ಟರಿಗೋ ಏರಿಸುತ್ತಾಳೆ. ವಾಸ ಹೊಲದಂಚಿನ ತಾಡಪತ್ರಿಯ ಗುಡಿಸಲಿನಲ್ಲಿ; ನೀರು ಸಿಕ್ಕಲ್ಲಿಂದ. ಅವಳ ಹೆಸರು ಊರಿನ ಅಂಗನವಾಡಿಯ ಪುಸ್ತಕದಲ್ಲಿದೆ, ಅವಳಿರುವುದು ಇಲ್ಲಿ. ಇಲ್ಲಿಯ ಪುಸ್ತಕದಲ್ಲಿ ಅವಳಿಲ್ಲ. ಕಬ್ಬಿಣಾಂಶದ ಮಾತ್ರೆ, ಧನುರ್ವಾಯುವಿನ ಚುಚ್ಚುಮದ್ದು, ಕೂಸಿನ ಲಸಿಕೆ, ಎಲ್ಲವೂ ಈ ಎರಡು ಪುಸ್ತಕಗಳ ನಡುವೆ ಜಾರಿಹೋಗುತ್ತವೆ. ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆಯಿದೆಯೆಂದು ಅದೇ ಸಮೀಕ್ಷೆ ಹೇಳುವಾಗ, ಹೊರೆ ಹೊರುವ ಈ ಹೆಂಗಸರ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ. ಅವಳ ಮಗು ತೂಕ ಕಡಿಮೆಯಾಗಿ ಹುಟ್ಟಿ ಎಂಟು ದಿನಕ್ಕೆ ತೀರಿಕೊಂಡರೆ ಹೊಲದ ಯಜಮಾನನಿಗೆ ಸುದ್ದಿಯೇ ತಿಳಿಯದೆ ಹೋಗಬಹುದು. ಗ್ಯಾಂಗು ಕಾರ್ಖಾನೆಯದು, ಕಾರ್ಖಾನೆ ಗುತ್ತಿಗೆದಾರನದೆನ್ನುತ್ತದೆ, ಗುತ್ತಿಗೆದಾರ ಮುಕಾದಮನನ್ನು ತೋರಿಸುತ್ತಾನೆ. ಸಂಕಲ್ಪೀ ಹಿಂಸೆ ಇಲ್ಲಿ ಯಾರದೂ ಅಲ್ಲ. ಆದರೆ ಎಲ್ಲರೂ ಸ್ವಲ್ಪ ಸ್ವಲ್ಪ ಮರೆತುದರಿಂದ ಆದ ಸಾವಿಗೆ ಪ್ರಮಾದವೆಂಬುದಕ್ಕಿಂತ ಬೇರೆ ಹೆಸರು ಹುಡುಕುವುದು ವ್ಯರ್ಥ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಅರಿವೆಯಲ್ಲಿ ನೀರು ಸೋಸಿ ಕುಡಿಯುವ ಮನೆಯ ಹೊಲದಂಚಿನಲ್ಲಿ ಇದು ನಡೆಯಬಾರದೆನ್ನುವುದು ಅತಿಯಾದ ಅಪೇಕ್ಷೆಯಲ್ಲ.

ಹೆಣ್ಣುಮಗುವಿನ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಪ್ರಕೃತಿಯು ಶೈಶವದಲ್ಲಿ ಹೆಣ್ಣಿಗೆ ಗಂಡಿಗಿಂತ ಹೆಚ್ಚಿನ ತ್ರಾಣವನ್ನು ಕೊಟ್ಟಿದೆ. ಸಮನಾದ ಆರೈಕೆ ದೊರೆತೆಡೆ ಗಂಡುಮಕ್ಕಳೇ ಹೆಚ್ಚು ಸಾಯುತ್ತಾರೆ. ಆದರೆ 2005-06ರ ಸಮೀಕ್ಷೆಯಲ್ಲಿ ಭಾರತದಲ್ಲಿ ಒಂದರಿಂದ ಐದು ವರ್ಷಗಳ ನಡುವೆ ತೀರಿಕೊಂಡ ಗಂಡುಮಕ್ಕಳು ಸಾವಿರಕ್ಕೆ 14, ಹೆಣ್ಣುಮಕ್ಕಳು 23. ವೈದ್ಯರ ಬಳಿಗೆ ಒಯ್ಯುವುದರಲ್ಲಿ ಮಾಡಿದ ತಡವೂ ತಟ್ಟೆಗೆ ಬಡಿಸಿದ ಪಾಲೂ ಆ ಅಂತರದಲ್ಲಿವೆ. ಇದು ಬಡವರ, ಅನಕ್ಷರಸ್ಥರ ಮಾತೆಂದು ಸಮಾಧಾನ ಪಡುವವರು 2001ರ ಜನಗಣತಿಯನ್ನು ನೋಡಬೇಕು. ಜೈನರ ಸಾಕ್ಷರತೆ ನೂರಕ್ಕೆ 94, ದೇಶದ ಪ್ರಮುಖ ಧರ್ಮೀಯರೆಲ್ಲರಿಗಿಂತ ಮೇಲು. ಆರು ವರ್ಷದೊಳಗಿನ ಗಂಡುಮಕ್ಕಳು ಸಾವಿರಕ್ಕೆ ಹೆಣ್ಣುಮಕ್ಕಳು 870. ದೇಶದ ಸರಾಸರಿ 927. 2011ರಲ್ಲಿ 870 ಎಂಬುದು 889 ಆಯಿತು. ಇಲ್ಲದ ಹೆಣ್ಣುಮಕ್ಕಳು ಹುಟ್ಟಿದ ಮೇಲೆ ಸತ್ತವರಲ್ಲ, ಬಹುಪಾಲು ಹುಟ್ಟಲು ಬಿಡದವರು. ಗರ್ಭದ ಲಿಂಗಪರೀಕ್ಷೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಆಗಿತ್ತು. ಏಕೇಂದ್ರಿಯ ಜೀವವನ್ನು ಲೆಕ್ಕಕ್ಕೆ ಹಿಡಿಯುವ ಸಮಾಜದಲ್ಲಿ ಪಂಚೇಂದ್ರಿಯ ಜೀವದ ಈ ಲೆಕ್ಕ ತಪ್ಪಿದ್ದು ಅಜ್ಞಾನದಿಂದಲ್ಲ, ಬಡತನದಿಂದಲೂ ಅಲ್ಲ. ವಿದ್ಯೆ ಮತ್ತು ಐಶ್ವರ್ಯಗಳು ಹೆಚ್ಚಿದಂತೆಲ್ಲ ಶಿಶುರಕ್ಷಣೆ ತಾನಾಗಿ ಆಗುತ್ತದೆಂಬ ನಂಬಿಕೆಗೆ ಇದಕ್ಕಿಂತ ಕಹಿಯಾದ ಉತ್ತರ ಬೇಕಿಲ್ಲ.

ಇನ್ನು ದಾನದ ಮಾತು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಮಾಡಿದವರನ್ನು ಕರ್ನಾಟಕದ ಶಾಸನಗಳು ಮತ್ತೆ ಮತ್ತೆ ಹೊಗಳುತ್ತವೆ. ದಿಲ್ಲಿಯ ಕೆಂಪುಕೋಟೆಯೆದುರಿನ ಲಾಲ್ ಮಂದಿರದಲ್ಲಿ ಗಾಯಗೊಂಡ ಹಕ್ಕಿಗಳಿಗೆ ಆಸ್ಪತ್ರೆಯನ್ನೇ ನಡೆಸುವ ಪರಂಪರೆಯಿದು. ಅದನ್ನು ಕಂಡು ನಗುವವರು ಜೀವದಯೆಯನ್ನು ಅರಿಯದವರು. ಹಕ್ಕಿಗೆ ಮಾಡಿದ್ದನ್ನು ಕಡಿಮೆ ಮಾಡಿ ಮಗುವಿಗೆ ಮಾಡಬೇಕೆಂಬ ವಾದವೂ ಸರಿಯಲ್ಲ. ಆದರೆ ಬಸದಿಗಳ ಟ್ರಸ್ಟುಗಳ ವಾರ್ಷಿಕ ಲೆಕ್ಕಪತ್ರಗಳಲ್ಲಿ ಪೂಜೆ, ಪಂಚಕಲ್ಯಾಣ, ಜೀರ್ಣೋದ್ಧಾರ, ಆಹಾರದಾನಗಳ ಎದುರಿಗೆ ಔಷಧದಾನದ ಸಾಲು ಎಷ್ಟು ತೆಳ್ಳಗಿದೆಯೆಂಬುದನ್ನು ಆಯಾ ಟ್ರಸ್ಟಿನವರೇ ನೋಡಿಕೊಳ್ಳಬಹುದು. ಔಷಧದಾನವೆಂದೊಡನೆ ದೊಡ್ಡ ಆಸ್ಪತ್ರೆಯ ಶಿಲಾನ್ಯಾಸವು ಕಣ್ಣೆದುರು ಬರುವುದು ಒಂದು ಅಡಚಣೆ. ಶಿಶುಗಳನ್ನು ಉಳಿಸಿದ್ದು ಬಹಳ ಕಡೆ ಅದಲ್ಲ.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 1995ರಿಂದ 39 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಆಸ್ಪತ್ರೆಗೆ ಹೋಗಲಾರದ ನವಜಾತ ಶಿಶುವಿನ ಮನೆಗೇ ಆರೈಕೆಯನ್ನು ಒಯ್ಯುವುದು ಅವರ ಉಪಾಯ. ಅಲ್ಪಸ್ವಲ್ಪ ಓದು ಬಲ್ಲ ಹಳ್ಳಿಯ ಹೆಂಗಸರಿಗೆ ಕೂಸಿನ ತೂಕ ನೋಡಲು, ಮೈ ಬೆಚ್ಚಗಿಡಲು, ಉಸಿರು ಎಣಿಸಲು, ಹುಟ್ಟುತ್ತಲೇ ಉಸಿರಾಡದ ಮಗುವಿಗೆ ಉಸಿರು ಕೊಡಲು, ನಂಜಿನ ಲಕ್ಷಣಗಳನ್ನು ಗುರುತಿಸಿ ಆಂಟಿಬಯಾಟಿಕ್ ಚುಚ್ಚುಮದ್ದು ಹಾಕಲು ಕಲಿಸಲಾಯಿತು. ಮೊದಲು ಸಾವಿರಕ್ಕೆ 62ರಷ್ಟಿದ್ದ ನವಜಾತರ ಮರಣವು ಮೂರನೆಯ ವರ್ಷಕ್ಕೆ 25.5ಕ್ಕೆ ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ವರದಿ ಬಂದಾಗ ಜಗತ್ತಿನ ವೈದ್ಯರು ಗಮನಿಸಿದರು. 2011ರಲ್ಲಿ ಭಾರತ ಸರಕಾರವು ಆಶಾ ಕಾರ್ಯಕರ್ತೆಯರ ಮೂಲಕ ಮನೆಯಲ್ಲಿಯೇ ನವಜಾತರ ಆರೈಕೆ ಮಾಡುವ ಕಾರ್ಯಕ್ರಮವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಆಹಾರನಿರೋಧ, ಉಚ್ಛ್ವಾಸನಿರೋಧಗಳೆಂದು ಭಾವಪಾಹುಡವು ಹೆಸರಿಸಿದ ನಿಮಿತ್ತಗಳನ್ನು ಆ ಹೆಂಗಸರು ಕೈಚೀಲದಲ್ಲಿನ ತಕ್ಕಡಿ ಮತ್ತು ಉಸಿರು ಎಣಿಸುವ ಸಾಧನಗಳಿಂದ ಎದುರಿಸಿದರೆಂದು ಹೇಳಿದರೆ ತಪ್ಪಾಗದು.

ಇಷ್ಟೆಲ್ಲ ಹೊರಗಿನಿಂದ ಬಂದರೂ ಒಳಗಿನ ಬಾಗಿಲು ತೆರೆಯಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ನೋಡಬೇಕೆಂಬುದು ನಿಯಮ. ಇವುಗಳಲ್ಲಿ ಮೊದಲೆರಡು ದಿನಗಳು ಹತ್ತು ದಿನದ ಸೂತಕದೊಳಗೆ ಬೀಳುತ್ತವೆ. ಪುರುಡಿನ ಕೋಣೆಗೆ ಪರರು ಬರಬಾರದೆಂಬ ಕಟ್ಟುಪಾಡು ಒಂದು ಕಾಲಕ್ಕೆ ಬಾಣಂತಿಯ ವಿಶ್ರಾಂತಿಗೂ ಕೂಸಿನ ರಕ್ಷಣೆಗೂ ಒದಗಿದ್ದೀತು. ಸೂಲಗಿತ್ತಿಗೆ ಮಾತ್ರ ಅಂದೂ ಅಡ್ಡಿಯಿರಲಿಲ್ಲ. ಅದೇ ಕಟ್ಟುಪಾಡನ್ನು ತೋರಿಸಿ ತಕ್ಕಡಿ ಹಿಡಿದು ಬಂದವಳನ್ನು, ಅದರಲ್ಲಿಯೂ ಆಕೆಯ ಜಾತಿಯನ್ನು ಕೇಳಿ, ಅಂಗಳದಿಂದಲೇ ಕಳುಹಿಸಿದರೆ ಅತ್ಯಂತ ಅಪಾಯದ ವಾರದಲ್ಲಿ ಕೂಸನ್ನು ನೋಡುವವರಿಲ್ಲವಾಗುತ್ತದೆ. ಮೊದಲ ಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರನ್ನೋ ಜೇನನ್ನೋ ನೆಕ್ಕಿಸುವುದೂ ಇಂಥದೇ. ಜೇನು ಶ್ರಾವಕನಿಗೆ ಮೊದಲೇ ತ್ಯಾಜ್ಯವಾದುದರಿಂದ ಅದನ್ನು ಬಿಡಿಸುವುದು ಜೈನ ಮನೆಗಳಲ್ಲಿ ಸುಲಭ; ಸಕ್ಕರೆ ನೀರನ್ನು ಬಿಡಿಸುವುದು ಅಜ್ಜಿಯರ ಕೈಯಲ್ಲಿದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ದೇಶದಲ್ಲಿ ನೂರಕ್ಕೆ 42 ಮಾತ್ರವೆಂದು 2019-21ರ ಸಮೀಕ್ಷೆ ದಾಖಲಿಸಿದೆ. ಮಹಿಳಾ ಸಮಾಜಗಳ ಮಾಸಿಕ ಸಭೆಗಳಲ್ಲಿ ಸ್ವಾಧ್ಯಾಯದ ಬಳಿಕ ಅರ್ಧ ಗಂಟೆ ಈ ವಿಷಯಕ್ಕೆ ಮೀಸಲಿಡಲು ಯಾವ ದೇಣಿಗೆಯೂ ಬೇಕಾಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಗುಡಿಸಲುಗಳಿರುವ ಹೊಲಗಳ ಪಟ್ಟಿಯೊಂದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಲು ಬೇಕಾಗುವುದು ಒಂದು ಮಧ್ಯಾಹ್ನ.